ಪಟಾಕಿಗೂ ಏಳದ ಮಗು

ಪ್ರಶ್ನೆ: ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ಮಗಳಿಗೆ ಬರುವ ತಿಂಗಳು ವರ್ಷ ತುಂಬುತ್ತದೆ. 34ನೇ ವಾರಕ್ಕೇ ಹುಟ್ಟಿದಳು, 1.9 ಕೆಜಿ ಇದ್ದಳು. 11 ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಮಾಲೆಗೆ ಲೈಟ್ ಕೊಟ್ಟರು, ಇಂಜೆಕ್ಷನ್ನೂ ನಡೆಯಿತು. ಈಗ 7.8 ಕೆಜಿ. ಇನ್ನೂ ಅಂಬೆಗಾಲಿಟ್ಟಿಲ್ಲ, ಕೂತಲ್ಲಿಂದಲೇ ಕುಂಡಿ ಜರುಗಿಸಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಅದೇ ವಾರ ಹುಟ್ಟಿದ ನಾದಿನಿಯ ಮಗ ಗೋಡೆ ಹಿಡಿದು ನಡೆಯುತ್ತಿದ್ದಾನೆ. ಇವಳಿಗೆ ಹಲ್ಲೂ ಬಂದಿಲ್ಲ. ಅತ್ತೆ ವಾಕರ್ ತರಿಸೋಣ ಅನ್ನುತ್ತಾರೆ. (ಅತ್ತೆ ಎಂದರೆ ನನ್ನ ಸ್ವಂತ ಸೋದರತ್ತೆಯೇ, ಯಜಮಾನರು ಅವರ ಮಗ.) ಆರನೇ ತಿಂಗಳಿಗೇ ನಾನು ಕೆಲಸಕ್ಕೆ ಹೊರಟೆ. ವರ್ಷವಿಡೀ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದೆ, ಅದರ ಫೋಟೋ ಕಳಿಸಿದ್ದೇನೆ. ಹಿಂತಿರುಗಿ ನೋಡಿದರೆ ಎಲ್ಲೋ ನಾನೇ ತಪ್ಪಿದೆನೇನೋ ಅನ್ನಿಸುತ್ತದೆ. ನನ್ನ ಮಗಳು ಯಾವಾಗ ನಡೆಯುತ್ತಾಳೆ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ಆ ಹನ್ನೆರಡು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಒಂಟಿಕೊಪ್ಪಲು ಕ್ಯಾಲೆಂಡರಿನ ಚೌಕಗಳಲ್ಲಿ ರಾಹುಕಾಲದ ಪಕ್ಕ, ಹಾಲಿನ ಲೆಕ್ಕದ ಮೇಲೆ, ನೀಲಿ ಬಾಲ್‌ಪೆನ್ನಿನಲ್ಲಿ ನೀವು ಬರೆದಿರುವ ಸಾಲುಗಳು. ಮೂವತ್ತು ವರ್ಷದಿಂದ ಮೈಸೂರಿನಲ್ಲಿ ಮಕ್ಕಳನ್ನು ನೋಡುತ್ತಿದ್ದೇನೆ, ಇಷ್ಟು ಒಳ್ಳೆಯ ಕೇಸ್ ಶೀಟ್ ನಮ್ಮ ಕಿರಿಯ ವೈದ್ಯರೂ ಬರೆಯುವುದಿಲ್ಲ. ನೀವು ಕೇಳಿದ್ದು ಕಾಲಿನ ವಿಷಯ. ಅದಕ್ಕೆ ಮೊದಲು ಉತ್ತರಿಸುತ್ತೇನೆ. ಆಮೇಲೆ ನೀವು ಕೇಳದೇ ಇದ್ದ ಒಂದು ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಅಲ್ಲಿಯವರೆಗೂ ಓದಿ.

ಮಗಳ ವಯಸ್ಸನ್ನು ಮೊದಲು ಸರಿಯಾಗಿ ಎಣಿಸೋಣ. 34 ವಾರಕ್ಕೆ ಹುಟ್ಟಿದ ಮಗು 40 ವಾರಕ್ಕೆ ಹೋಲಿಸಿದರೆ ಆರು ವಾರ ಮುಂಚೆ ಬಂದಿದೆ. ಆ ಆರು ವಾರ ಹೊಟ್ಟೆಯೊಳಗೆ ಆಗಬೇಕಿದ್ದ ಬೆಳವಣಿಗೆ ಹೊರಗೆ ಬಂದು ಆಗಿದೆ, ಅಷ್ಟೇ. ಹಾಗಾಗಿ ಎರಡು ವರ್ಷದವರೆಗೂ ಬೆಳವಣಿಗೆ ಅಳೆಯುವಾಗ ಆ ಆರು ವಾರ ಕಳೆಯಬೇಕು. ಕ್ಯಾಲೆಂಡರ್ ಲೆಕ್ಕದಲ್ಲಿ ಹನ್ನೊಂದೂವರೆ ತಿಂಗಳಾದರೂ ನಮ್ಮ ಲೆಕ್ಕಕ್ಕೆ ಅವಳು ಹತ್ತು ತಿಂಗಳ ಕೂಸು. ನಾದಿನಿಯ ಮಗ ದಿನ ತುಂಬಿ ಹುಟ್ಟಿದವನಾದರೆ ಇವಳಿಗಿಂತ ಒಂದೂವರೆ ತಿಂಗಳು ದೊಡ್ಡವನು. ಈ ವಯಸ್ಸಿನಲ್ಲಿ ಒಂದೂವರೆ ತಿಂಗಳೆಂದರೆ ನಮಗೆ ನಿಮಗೆ ಹತ್ತು ವರ್ಷದ ಅಂತರವಿದ್ದ ಹಾಗೆ. (ಚುಚ್ಚುಮದ್ದಿಗೆ ಮಾತ್ರ ಈ ಕಳೆಯುವ ಲೆಕ್ಕ ಬೇಡ, ಅದು ಹುಟ್ಟಿದ ತಾರೀಖಿನಿಂದಲೇ.)

ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ಗಮನಿಸಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಆಸರೆಯಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5. ತಾನಾಗಿ ನಡೆಯುವುದು 8.2ರಿಂದ 17.6. ಎರಡು ತುದಿಗಳ ನಡುವೆ ಎಷ್ಟು ದೂರವಿದೆ ನೋಡಿ. ಒಂದು ಮಗು ಎಂಟು ತಿಂಗಳಿಗೆ ನಡೆಯುತ್ತದೆ, ಇನ್ನೊಂದು ಹದಿನೇಳಕ್ಕೆ, ಎರಡೂ ಸರಿಯೇ. ಆ ಮಕ್ಕಳಲ್ಲಿ ಶೇಕಡಾ 4ಕ್ಕೂ ಹೆಚ್ಚು ಮಂದಿ ಅಂಬೆಗಾಲನ್ನೇ ಇಡದೆ ಎದ್ದು ನಿಂತವರು. 2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಬೆಳವಣಿಗೆಯ ಪಟ್ಟಿಯನ್ನು ತಿದ್ದುವಾಗ ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದುಹಾಕಿತು.

ಕುಂಡಿ ಜರುಗಿಸುವ ಮಕ್ಕಳದೇ ಒಂದು ಜಾತಿ. ಬೋರಲು ಮಲಗಿಸಿದರೆ ಕಿರುಚುತ್ತವೆ, ಕೂರಿಸಿದರೆ ರಾಜಠೀವಿ. ಒಂದು ಕೈ ನೆಲಕ್ಕೂರಿ, ಒಂದು ಕಾಲಲ್ಲಿ ತಳ್ಳಿಕೊಂಡು, ಚಡ್ಡಿಯೆಲ್ಲ ಸವೆಸಿ ಹಾಕುತ್ತವೆ. ಇವು ನಡೆಯುವುದೂ ಸ್ವಲ್ಪ ತಡ, ಒಂದೂವರೆ ವರ್ಷವಾದರೂ ಗಾಬರಿಯಿಲ್ಲ. ಮನೆತನದಲ್ಲೇ ಬರುವ ರೂಢಿ ಇದು. ನಿಮ್ಮ ಸೋದರತ್ತೆಯನ್ನೇ ಕೇಳಿ, ಮಗ ಹೇಗೆ ಓಡಾಡುತ್ತಿದ್ದ ಅಂತ. ಹತ್ತರಲ್ಲಿ ನಾಲ್ಕು ಸಲ ಅಜ್ಜಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಕಾಲಿನ ವಿಷಯದಲ್ಲಿ ನನ್ನನ್ನು ಚಿಂತೆಗೆ ಹಚ್ಚುವ ಸಂಗತಿಗಳು ಬೇರೆ. ಯಾವಾಗಲೂ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿರುವುದು. ಎತ್ತಿ ಹಿಡಿದಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುವುದು. ಮೈ ಹಸಿ ಬಟ್ಟೆಯಂತೆ ಜೋತುಬೀಳುವುದು. ಎಲ್ಲಕ್ಕಿಂತ ಹೆಚ್ಚಾಗಿ, ಬಂದ ವಿದ್ಯೆ ಹೋಗಿಬಿಡುವುದು. ಕಾಲಿನಲ್ಲಿ ಇದಾವುದೂ ನಿಮ್ಮ ಚೌಕಗಳಲ್ಲಿಲ್ಲ. ಸಂಕ್ರಾಂತಿ: "ಕಿಚ್ಚು ಹಾಯಿಸೋ ಹೊತ್ತಿಗೆ ಮಗುಚಿಕೊಂಡಳು." ಯುಗಾದಿ: "ಯಾರೂ ಹಿಡೀದೆ ಕೂತಳು, ಒಬ್ಬಟ್ಟಿಗೆ ಕೈ ಹಾಕಿದಳು." ಕೂತದ್ದು ತಿದ್ದಿದ ಲೆಕ್ಕಕ್ಕೆ ಏಳು ತಿಂಗಳಿಗೆ. ಸರಿಯಾಗಿಯೇ ಇದೆ.

ವಾಕರ್ ಬೇಡ. ಗಾಲಿಯ ತೊಟ್ಟಿಲಲ್ಲಿ ನೇತುಹಾಕಿದಂತೆ ಕೂರುವ ಮಗು ಬೆರಳ ತುದಿಯಲ್ಲಿ ನೂಕುತ್ತದೆ, ತನ್ನ ಪಾದವನ್ನು ತಾನೇ ನೋಡಲಾಗದು, ಸಮತೋಲ ಕಲಿಯುವ ಕೆಲಸವೇ ಇರುವುದಿಲ್ಲ. ಮೆಟ್ಟಿಲಿಂದ ಉರುಳುವ ಅಪಾಯ ಬೇರೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಅತ್ತೆಗೆ ಏನಾದರೂ ಕೊಡಿಸಲೇಬೇಕೆಂದಿದ್ದರೆ ಚನ್ನಪಟ್ಟಣದ ಮರದ ತಳ್ಳುಗಾಡಿ ತರಲಿ. ಎದ್ದು ನಿಲ್ಲತೊಡಗಿದ ಮೇಲೆ ಹಿಂದೆ ನಿಂತು ತಳ್ಳುತ್ತಾಳೆ, ಅದು ಒಳ್ಳೆಯದು.

ಹಲ್ಲು: ಹದಿಮೂರು ತಿಂಗಳವರೆಗೂ ಕಾಯಬಹುದು, ರಾಗಿ ಸರಿಗೆ ಹಲ್ಲು ಬೇಕಿಲ್ಲ. ತೂಕ: ಹುಟ್ಟಿದಾಗಿನ ನಾಲ್ಕು ಪಟ್ಟಾಗಿದೆ, ಚೆನ್ನಾಗಿದೆ. ಬೇಗ ಹುಟ್ಟಿದ ಮಕ್ಕಳಿಗೆ ಕಬ್ಬಿಣದ ದಾಸ್ತಾನು ಕಡಿಮೆ, ರಾಗಿಯೊಂದರಿಂದ ಅದು ತುಂಬುವುದಿಲ್ಲ. ಕಬ್ಬಿಣಾಂಶದ ಹನಿ ನಿಲ್ಲಿಸಿದ್ದರೆ ನಿಮ್ಮ ವೈದ್ಯರನ್ನು ಕೇಳಿ ಮತ್ತೆ ಶುರುಮಾಡಿ. ಕೆಲಸಕ್ಕೆ ಹೋದದ್ದರಿಂದ ಏನೂ ಕೆಟ್ಟಿಲ್ಲ. ಸಂಜೆ ನೀವು ಬಂದಾಗ ಎರಡೂ ಕೈ ಚಾಚುತ್ತಾಳೆ, ಅಜ್ಜಿ ಎತ್ತಿಕೊಂಡರೂ ನಿಮ್ಮತ್ತಲೇ ಬಾಗುತ್ತಾಳೆ ಎಂದು ಬರೆದಿದ್ದೀರಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನೇನು ಕೊಡಲಿ?

ಈಗ ನೀವು ಕೇಳದ ವಿಷಯ.

ದೀಪಾವಳಿಯ ಚೌಕದಲ್ಲಿ ಹೀಗಿದೆ: "ಪಕ್ಕದ ಮನೆಯವರು ಸರಪಟಾಕಿ ಹಚ್ಚಿದ್ರು. ನಾದಿನಿ ಮಗ ಕಿಟಾರನೆ ಕಿರುಚಿದ. ನಮ್ಮವಳು ಏಳಲೇ ಇಲ್ಲ. ಎಂಥ ನಿದ್ದೆ!" ಕೊನೆಯಲ್ಲೊಂದು ನಗುಮುಖ ಬರೆದಿದ್ದೀರಿ. ಒಂದು ರಾತ್ರಿಯ ನಿದ್ದೆಯಿಂದ ಏನನ್ನೂ ಹೇಳಲಾಗದು. ಹಾಲು ಕುಡಿದು ಗಾಢವಾಗಿ ಮಲಗಿದ ಕೂಸು ಡೋಲು ಬಡಿದರೂ ಏಳದಿರಬಹುದು. ಆದರೆ ಮುಂದೆ ಓದುತ್ತಾ ಹೋದೆ. ಶಿವರಾತ್ರಿ ಕಳೆದ ವಾರ: "ಊ ಆ ಅಂತ ಮಾತಾಡೋದು ಕಮ್ಮಿ ಆಗಿದೆ. ಕಿರುಚೋದು ಜಾಸ್ತಿ." ಏಪ್ರಿಲ್: "ಹೆಸರು ಹಿಡಿದು ಕೂಗಿದ್ರೆ ತಿರುಗಲ್ಲ. ಹಟ, ಥೇಟ್ ಅಪ್ಪನ ಹಾಗೆ." ಮೇ ತಿಂಗಳಲ್ಲಿ, ಮಳೆ ಬಂದ ಒಂದು ದಿನ: "ಕರೆಂಟ್ ಹೋಯ್ತು. ಕತ್ತಲಲ್ಲಿ ಒಂದೇ ಸಮ ಅಳು. ಬಂದೆ ಬಂದೆ ಅಂದ್ರೂ ನಿಲ್ಲಿಸಲಿಲ್ಲ, ಎತ್ತಿಕೊಂಡ ತಕ್ಷಣ ಸುಮ್ಮನಾದಳು."

ಈ ಕೊನೆಯ ಸಾಲನ್ನು ಮೂರು ಸಲ ಓದಿದೆ. ಬೆಳಕಿದ್ದಾಗ ಅಮ್ಮನ ಮುಖ ಕಾಣುತ್ತದೆ, ಸಮಾಧಾನವಾಗುತ್ತದೆ. ಕತ್ತಲಲ್ಲಿ ಮಗುವಿಗೆ ಉಳಿಯುವುದು ಅಮ್ಮನ ದನಿಯೊಂದೇ. ಆ ದನಿಗೆ ಅವಳ ಅಳು ಒಂಚೂರೂ ತಗ್ಗಲಿಲ್ಲ, ಮೈ ಮುಟ್ಟಿದಾಗ ತಗ್ಗಿತು.

ನಿಮ್ಮ ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಪತ್ರ ಓದಿ ಹಾಗೆ ಹೇಳುವವರನ್ನು ನಂಬಲೂ ಬೇಡಿ. ಕಿವಿಯಲ್ಲಿ ಗುಗ್ಗೆ ತುಂಬಿರಬಹುದು, ನೆಗಡಿಯ ನಂತರ ಕಿವಿತಮಟೆಯ ಹಿಂದೆ ನೀರು ನಿಂತಿರಬಹುದು, ಅಥವಾ ಎಲ್ಲ ಸರಿಯಿದ್ದು ಬರೀ ಹಟವೇ ಇರಬಹುದು. ಆದರೆ ಈ ಮಗುವಿಗೆ ಶ್ರವಣ ಪರೀಕ್ಷೆ ಆಗಲೇಬೇಕು. ಆಸ್ಪತ್ರೆಯಿಂದ ಹೊರಡುವಾಗ ಮಾಡಿದ್ದರು ಎಂದು ನೀವು ಎಲ್ಲೂ ಬರೆದಿಲ್ಲ. ಡಿಸ್ಚಾರ್ಜ್ ಹಾಳೆಯಲ್ಲಿ ಓಎಇ ಅಥವಾ ಬೆರಾ ಎಂಬ ಕಿವಿ ಪರೀಕ್ಷೆಯ ಹೆಸರು ಇದೆಯೇ ಹುಡುಕಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ನಿಮ್ಮ ಪತ್ರದ ಮೊದಲ ನಾಲ್ಕು ಸಾಲಿನಲ್ಲೇ ಕಾರಣಗಳಿವೆ. ಐದು ದಿನಕ್ಕಿಂತ ಹೆಚ್ಚು ಐಸಿಯುವಿನಲ್ಲಿದ್ದ ನವಜಾತ ಶಿಶುಗಳಲ್ಲಿ ಕಿವಿಯ ತೊಂದರೆ ಉಳಿದ ಮಕ್ಕಳಿಗಿಂತ ಹೆಚ್ಚು. ಕಾಮಾಲೆ ತೀರಾ ಏರಿದರೆ ಕಿವಿಯಿಂದ ಮಿದುಳಿಗೆ ಹೋಗುವ ನರಕ್ಕೆ ಪೆಟ್ಟಾಗುತ್ತದೆ. ಸೋಂಕಿಗೆಂದು ಕೊಡುವ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್‌ಗಳು ಜೀವ ಉಳಿಸುತ್ತವೆ, ಕೆಲವೊಮ್ಮೆ ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಬಲಿ ತೆಗೆದುಕೊಳ್ಳುತ್ತವೆ. ಕೊಟ್ಟಿದ್ದು ತಪ್ಪಲ್ಲ, ಕೊಟ್ಟ ಮೇಲೆ ಕಿವಿ ಪರೀಕ್ಷಿಸದೆ ಬಿಡುವುದು ತಪ್ಪು.

ಇನ್ನು ಸೋದರತ್ತೆಯ ಮಗನ ವಿಷಯ. ನಮ್ಮ ಕಡೆ ಇದು ಮನೆಮನೆಯ ಸಂಗತಿ, ನನ್ನ ತಂದೆತಾಯಿಯೂ ಹಾಗೇ ಮದುವೆಯಾದವರು. ಇಂಥ ದಂಪತಿಗಳಲ್ಲಿ ಬಹುಪಾಲು ಮಂದಿಯ ಮಕ್ಕಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಹುಟ್ಟುಕಿವುಡಿಗೆ ಕಾರಣವಾಗುವ ಜೀನ್‌ಗಳು ಹೆಚ್ಚಿನವು ಅಡಗಿ ಕೂರುವ ಸ್ವಭಾವದವು. ಒಬ್ಬರಲ್ಲಿ ಒಂದೇ ಪ್ರತಿ ಇದ್ದರೆ ಏನೂ ಆಗದು. ಒಂದೇ ಬಳ್ಳಿಯಿಂದ ಬಂದ ಇಬ್ಬರಲ್ಲೂ ಅದೇ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅದು ಮಗುವಿನಲ್ಲಿ ಹೊರಬೀಳುವ ಸಂಭವ. ಇದನ್ನು ಮನೆಯಲ್ಲಿ ಜಗಳದ ಮಾತಾಗಿಸಬೇಡಿ. ಪರೀಕ್ಷೆ ಮಾಡುವವರಿಗೆ ಮಾತ್ರ ಮರೆಯದೆ ತಿಳಿಸಿ.

"ಹುಟ್ಟಿದಾಗ ಊ ಆ ಅಂತಿದ್ದಳಲ್ಲ, ಕೇಳದಿದ್ದರೆ ಹೇಗೆ ಅನ್ನುತ್ತಿದ್ದಳು?" ಎಲ್ಲರೂ ಇದೇ ಕೇಳುತ್ತಾರೆ. ಪೂರ್ತಿ ಕೇಳದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ಗಂಟಲಾಟ ಆಡುತ್ತವೆ, ಅದಕ್ಕೆ ಕಿವಿ ಬೇಡ. ಆಮೇಲಿನ ಮೆಟ್ಟಿಲಿಗೆ ಬೇಕು. ಆರು-ಏಳು ತಿಂಗಳಿಂದ ಮಕ್ಕಳು ತಮ್ಮ ದನಿಯನ್ನೂ ಮನೆಯವರ ದನಿಯನ್ನೂ ಕೇಳಿಸಿಕೊಂಡು "ಬಬಬ", "ತತತ", "ಮಮಮ" ಎಂದು ಉಚ್ಚಾರ ಪೋಣಿಸತೊಡಗುತ್ತವೆ. ಹತ್ತು ತಿಂಗಳಾದರೂ ಈ ಪೋಣಿಕೆ ಇಲ್ಲದಿದ್ದರೆ ನಾನು ಮೊದಲು ನೋಡುವುದು ಕಿವಿಯನ್ನು. ನಿಮ್ಮ ಚೌಕಗಳಲ್ಲಿ ಎಲ್ಲೂ "ಬಬಬ" ಇಲ್ಲ, ಇದ್ದ "ಊ ಆ"ಯೂ ಕಡಿಮೆಯಾಗಿದೆ.

ಮೊದಲ ವರ್ಷದಲ್ಲಿ ಕಿವಿ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಕ್ಯಾಲೆಂಡರಿನಲ್ಲಿ ಬರೆಯುವುದಿಲ್ಲ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ಅವರ ಸಂಗಡಿಗರು ಒಂದು ಚಂದದ ಪ್ರಯೋಗದ ಫಲ ಪ್ರಕಟಿಸಿದರು. ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಎರಡರ ನಡುವೆ ವ್ಯತ್ಯಾಸವಿಲ್ಲ, ದೊಡ್ಡವರಿಗೆ ಅದು ಒಂದೇ ಥರ ಕೇಳುತ್ತದೆ. ಆದರೆ ಆರೆಂಟು ತಿಂಗಳ ಕೂಸುಗಳು ತ ಬೇರೆ, ಟ ಬೇರೆ ಎಂದು ಗುರುತಿಸಿದವು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಮಾಯ. ಎಂದರೆ ಆ ವರ್ಷದಲ್ಲಿ ಮಿದುಳು ತನ್ನ ಮನೆಯ ನುಡಿಗೆ ಬೇಕಾದ ದನಿಗಳನ್ನು ಉಳಿಸಿಕೊಂಡು ಬೇಡದ್ದನ್ನು ಬದಿಗಿಡುತ್ತದೆ. ನಮ್ಮ ಮಕ್ಕಳು ಹಲ್ಲಿ ಹಳ್ಳಿ, ಮಂಡಿ ಮಂದಿ ಎಂದು ನುಡಿಯುವ ಮುಂಚೆಯೇ ಕಿವಿಯಲ್ಲಿ ಬೇರ್ಪಡಿಸಿರುತ್ತಾರೆ. ಆ ಬೇರ್ಪಡಿಸುವ ಸಮಯದಲ್ಲಿ ದನಿಯೇ ಒಳಹೋಗದಿದ್ದರೆ ಮಿದುಳಿನ ಆ ಜಾಗವನ್ನು ಬೇರೆ ಕೆಲಸ ಆಕ್ರಮಿಸಿಕೊಳ್ಳುತ್ತದೆ. ಹಾಗಾಗಿಯೇ ನಮ್ಮಲ್ಲಿ 1-3-6 ಎಂಬ ಲೆಕ್ಕ: ಒಂದು ತಿಂಗಳೊಳಗೆ ಜರಡಿ ಪರೀಕ್ಷೆ, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ಚಿಕಿತ್ಸೆ ಶುರು. ಆ ಗಡುವು ನಿಮಗೆ ದಾಟಿದೆ, ನಿಜ. ನನ್ನ ಬಳಿ ಬರುವ ಮಕ್ಕಳು ಬಹಳಷ್ಟು ಬರುವುದು ಎರಡೂವರೆ, ಮೂರು ವರ್ಷಕ್ಕೆ. ಅವರ ಮುಂದೆ ನೀವು ಇನ್ನೂ ಬೇಗ ಬಂದವರು.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ವೃತ್ತಿಗೆ ಬಂದ ಹೊಸತರಲ್ಲಿ ಒಬ್ಬ ತಾಯಿ ಹದಿಮೂರು ತಿಂಗಳ ಗಂಡುಮಗುವನ್ನು ಎರಡು ಸಲ ಕರೆತಂದು, ಕರೆದರೆ ನೋಡುವುದಿಲ್ಲ ಎಂದರು. ನಾನು ಮಗುವಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಗಕ್ಕನೆ ತಿರುಗಿತು. "ಗಂಡುಮಕ್ಕಳಿಗೆ ಮಾತು ತಡ ಕಣಮ್ಮ, ಹೋಗಿ ಬನ್ನಿ" ಎಂದು ಕಳಿಸಿದೆ. ಆ ಮಗುವಿಗೆ ಎರಡೂ ಕಿವಿಯಲ್ಲಿ ತೀವ್ರ ದೋಷವಿದೆಯೆಂದು ಗೊತ್ತಾದದ್ದು ಎರಡೂವರೆ ವರ್ಷಕ್ಕೆ. ಅಂದು ಅದು ತಿರುಗಿದ್ದು ನನ್ನ ನೆರಳಿಗೆ, ಅಥವಾ ಚಪ್ಪಾಳೆಯ ಗಾಳಿ ಕತ್ತಿಗೆ ಸೋಕಿದ್ದಕ್ಕೆ.

ಆದ್ದರಿಂದ ಮನೆಯಲ್ಲಿ ತಟ್ಟೆ ಬಡಿದು, ಪಾತ್ರೆ ಬೀಳಿಸಿ ನೋಡಬೇಡಿ. ನೆಲದ ಅದುರು ಮೈಗೆ ತಿಳಿಯುತ್ತದೆ. ಕೇಳದ ಮಕ್ಕಳು ಬಲು ಚುರುಕು, ಪರದೆ ಅಲುಗಿದ್ದನ್ನೂ ಬಾಗಿಲ ಬೆಳಕು ಬದಲಾದದ್ದನ್ನೂ ನಮಗಿಂತ ಮೊದಲೇ ಹಿಡಿಯುತ್ತವೆ. ಇನ್ನೂ ಮೋಸವಾಗುವುದು ಮಧ್ಯಮ ದೋಷದಲ್ಲಿ: ಪಾತ್ರೆ ಬಿದ್ದದ್ದು ಕೇಳುತ್ತದೆ, ಮಾತಿನ ಸ, ತ, ಕ ಕೇಳುವುದಿಲ್ಲ. "ಬೇಕಾದಾಗ ಕೇಳ್ತಾನೆ, ಬೇಡದಿದ್ದಾಗ ಇಲ್ಲ" ಎಂದು ಮನೆಯವರು ಬೈಯುತ್ತಿರುತ್ತಾರೆ. ಕಿವಿಗೆ ಬಿಸಿ ಎಣ್ಣೆಯನ್ನಂತೂ ಬಿಡಲೇಬೇಡಿ. ನೀರೆರೆಯುವ ಅಜ್ಜಿಗೂ ಇದನ್ನು ಹೇಳಿ.

ಹೋಗಬೇಕಾದ ಜಾಗ ನಿಮಗೆ ದೂರವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಉತ್ತರ ಭಾರತದಿಂದೆಲ್ಲ ಮಕ್ಕಳನ್ನು ಹೊತ್ತು ಬರುತ್ತಾರೆ. ಪಾಂಡವಪುರದಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ನೀವು ಇಲ್ಲಿರುತ್ತೀರಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಹಾಳೆ ಎರಡನ್ನೂ ತನ್ನಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಮೊದಲು ಕಿವಿ ತೋರಿಸಿಕೊಂಡು ಬಂದರೂ ಆದೀತು. ವಾಡಿಕೆಯಂತೆ ಹನ್ನೆರಡನೇ ತಿಂಗಳಿಗೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ಅದಕ್ಕಾಗಿ ಕಾಯಬೇಡಿ.

ಪರೀಕ್ಷೆ ಎರಡು ಬಗೆ. ಓಎಇ ಎಂದರೆ ಕಿವಿಯೊಳಗೆ ಮೆತ್ತನೆಯ ಸಣ್ಣ ಬಿರಡೆಯಿಟ್ಟು ದನಿ ಕಳಿಸುತ್ತಾರೆ, ಒಳಗಿವಿ ಸರಿಯಿದ್ದರೆ ಅಲ್ಲಿಂದ ಮರುದನಿ ಬರುತ್ತದೆ. ಕೆಲವೇ ನಿಮಿಷದ ಕೆಲಸ. ಆದರೆ ನಿಮ್ಮ ಮಗಳಿಗೆ ಅದೊಂದೇ ಸಾಲದು. ಕಾಮಾಲೆ, ಐಸಿಯು ಕಂಡ ಮಕ್ಕಳಲ್ಲಿ ಒಳಗಿವಿ ಸರಿಯಿದ್ದೂ ನರದ ದಾರಿ ಕೆಟ್ಟಿರುವುದುಂಟು. ಆಗ ಓಎಇ 'ಪಾಸ್' ಎನ್ನುತ್ತದೆ, ಮಗುವಿಗೆ ಮಾತ್ರ ಮಾತು ತಿಳಿಯದು. ಅದಕ್ಕೇ ಬೆರಾ ಕೂಡ ಮಾಡಿಸಿ. ಹಣೆಗೆ, ಕಿವಿಯ ಹಿಂದಕ್ಕೆ ಸಣ್ಣ ಅಂಟುಪಟ್ಟಿ ಅಂಟಿಸಿ, ಕಿವಿಗೆ ದನಿ ಕೊಟ್ಟು, ನರದಲ್ಲಿ ಏಳುವ ಅಲೆಯನ್ನು ಕಂಪ್ಯೂಟರ್ ಅಳೆಯುತ್ತದೆ. ಸೂಜಿಯಿಲ್ಲ, ನೋವಿಲ್ಲ. ಆದರೆ ಮಗು ನಿದ್ದೆಯಲ್ಲಿರಬೇಕು.

ಎಷ್ಟೋ ಮಂದಿ ಇಲ್ಲೇ ಎಡವಿ, ಬಂದ ದಾರಿಗೆ ಸುಂಕವಿಲ್ಲದೆ ಮರಳುತ್ತಾರೆ. ಮಗು ರೈಲಿನ ತೂಗಾಟಕ್ಕೆ ಚೆನ್ನಾಗಿ ಮಲಗಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕೂತಿರುತ್ತದೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ತಲೆಗೆ ಎಣ್ಣೆ ಹಚ್ಚಬೇಡಿ (ಪಟ್ಟಿ ಅಂಟುವುದಿಲ್ಲ). ರೈಲಿನಲ್ಲಿ ಅಜ್ಜಿಯ ಕೆಲಸ ಒಂದೇ, ಮೊಮ್ಮಗಳು ಮಲಗದ ಹಾಗೆ ಕಿಟಕಿ ತೋರಿಸುತ್ತಿರುವುದು. ಕಾವೇರಿಯ ಸೇತುವೆ ಬಂದಾಗ ಸ್ವಲ್ಪ ಸುಲಭವಾಗುತ್ತದೆ. ಅಲ್ಲಿ ಕರೆಯುವ ಹೊತ್ತಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಳ್ಳಿ.

ತೊಂದರೆ ಕಂಡರೆ ಮುಂದೇನು ಎಂಬುದಕ್ಕೆ ದಾರಿಗಳಿವೆ. ಶ್ರವಣ ಸಾಧನವನ್ನು ಈ ವಯಸ್ಸಿನ ಮಕ್ಕಳಿಗೂ ಹಾಕುತ್ತಾರೆ. ಅದು ಸಾಲದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಇದೆ, ಕೇಂದ್ರದ ಎಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಅದರ ವೆಚ್ಚ ಸಿಗುತ್ತದೆ. ತಾಯಂದಿರು ಮಕ್ಕಳ ಜೊತೆಯಲ್ಲೇ ಕೂತು ಮಾತು ಕಲಿಸುವ ವರ್ಗಗಳು ಆ ಸಂಸ್ಥೆಯಲ್ಲೇ ನಡೆಯುತ್ತವೆ. ಅದೆಲ್ಲ ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ಅಲ್ಲಿಯವರೆಗೆ ಅವಳ ಎದುರು, ಮುಖ ಕಾಣುವ ಹಾಗೆ, ಹತ್ತಿರ ಕೂತು ಮಾತಾಡಿ. ಕೂ-ಬೂಚಿ ಆಡಿದರೆ ಕಿಲಕಿಲ ನಗುತ್ತಾಳೆ, ಕೈಬೀಸಿ ಟಾಟಾ ಮಾಡುತ್ತಾಳೆ, ಸಿಕ್ಕಿದ್ದನ್ನು ತಂದು ನಿಮಗೆ ತೋರಿಸುತ್ತಾಳೆ ಎಂದಿದ್ದೀರಿ. ಅದು ನನಗೆ ಬಹಳ ಸಮಾಧಾನ ಕೊಟ್ಟ ಸಾಲು, ಜನರೊಡನೆ ಬೆರೆಯುವ ಮನಸ್ಸು ಅವಳಲ್ಲಿ ಪೂರ್ತಿ ಇದೆ. ರಾತ್ರಿ ಕರೆಂಟ್ ಹೋದರೆ ದೂರದಿಂದ ಕೂಗಬೇಡಿ. ಮೊದಲು ಕೈಗೆ ಟಾರ್ಚ್ ತೆಗೆದುಕೊಂಡು ನಿಮ್ಮ ಮುಖದ ಮೇಲೆ ಬೆಳಕು ಬಿಟ್ಟುಕೊಳ್ಳಿ.

ಬೆರಾ ವರದಿಯಲ್ಲಿ ಬಲಗಿವಿ, ಎಡಗಿವಿ ಎಂದು ಬೇರೆ ಬೇರೆ ಬರೆದು, ಪಕ್ಕದಲ್ಲಿ ಡೆಸಿಬೆಲ್ ಲೆಕ್ಕದ ಅಂಕಿ ಕೊಟ್ಟಿರುತ್ತಾರೆ. ಆ ಹಾಳೆಯ ಫೋಟೋವನ್ನೂ ಕ್ಯಾಲೆಂಡರಿನ ಮುಂದಿನ ಪುಟದ ಜೊತೆ ಕಳಿಸಿ.